ಚೆನ್ನಾಗಿ ಬರುತ್ತಿದ್ದ ಲಾಗ ಮಗಳಿಗೆ ಇದ್ದಕ್ಕಿದ್ದಂತೆ ಬಾರದಾದರೆ

ಟಂಬ್ಲಿಂಗ್ (ನೆಲದ ಹಾಸಿನ ಮೇಲೆ ಸಾಲಾಗಿ ಲಾಗ ಹಾಕುವ ಜಿಮ್ನಾಸ್ಟಿಕ್ಸ್) ಕಲಿಯುತ್ತಿರುವ ನಿಮ್ಮ 13 ವರ್ಷದ ಮಗಳು, ತಿಂಗಳುಗಟ್ಟಲೆ ಸಲೀಸಾಗಿ ಹಾಕುತ್ತಿದ್ದ ಹಿಮ್ಮುಖ ಲಾಗವನ್ನು ಈಗ ಹಾಕಲಾರೆ ಎನ್ನುತ್ತಿದ್ದಾಳೆ, ಇದು ಸೋಮಾರಿತನವೇ, ಟ್ರ್ಯಾಂಪೊಲಿನ್‌ನಲ್ಲಿ (ಪುಟಿಯುವ ಹಾಸಿನ ಮೇಲೆ ಚಿಮ್ಮಿ ಲಾಗ ಹಾಕುವ ಆಟ) ಚಾಂಪಿಯನ್ ಆಗುವ ಅವಳ ಆಸೆ ಇಲ್ಲಿಗೇ ಮುಗಿಯಿತೇ ಎಂದು ಕೇಳಿದ್ದೀರಿ. ಉಡುಪಿಯಲ್ಲಿ ಹಲವು ವರ್ಷ ಶಾಲಾ ಮಕ್ಕಳಿಗೆ ಜಿಮ್ನಾಸ್ಟಿಕ್ಸ್ ಹೇಳಿಕೊಟ್ಟವನಾಗಿ ಹೇಳುತ್ತೇನೆ: ಸೋಮಾರಿತನ ಖಂಡಿತ ಅಲ್ಲ, ಆಸೆಯನ್ನು ಬಿಡಲೂ ಬೇಡಿ.

ನನಗೆ ಮೊದಲು ನೆನಪಾಗುವವರು ಬ್ರಿಟನ್ನಿನ ಬ್ರಯೋನಿ ಪೇಜ್. 9ನೇ ವಯಸ್ಸಿನಲ್ಲಿ ಟ್ರ್ಯಾಂಪೊಲಿನ್ ಹತ್ತಿದ ಅವರಿಗೂ ಕಲಿತ ವರಸೆಗಳು ಹೀಗೆಯೇ ಕೈಬಿಟ್ಟುಹೋಗಿದ್ದವು. ಈ ತೊಂದರೆಗೆ ‘ಲಾಸ್ಟ್ ಮೂವ್ ಸಿಂಡ್ರೋಮ್’ ಎಂಬ ಹೆಸರೇ ಇದೆ. ಅವರು ಸರಳ ಜಿಗಿತಗಳಿಗೆ ಮರಳಿ ಒಂದೊಂದನ್ನೇ ಮತ್ತೆ ಕಲಿತರು. 2012ರ ಒಲಿಂಪಿಕ್ಸ್ ಲಂಡನ್ನಿನಲ್ಲೇ ನಡೆದರೂ ಅವರಿಗೆ ತಂಡದಲ್ಲಿ ಸ್ಥಾನ ಸಿಗಲಿಲ್ಲ. ಆಮೇಲೆ 2016ರ ರಿಯೋದಲ್ಲಿ ಬೆಳ್ಳಿ, 2021ರಲ್ಲಿ ನಡೆದ ಟೋಕಿಯೋ ಕೂಟದಲ್ಲಿ ಕಂಚು, ಅದೇ ವರ್ಷ ಮತ್ತು 2023ರಲ್ಲಿ ವಿಶ್ವ ಚಾಂಪಿಯನ್ ಪಟ್ಟ, ಕೊನೆಗೆ 2024ರ ಪ್ಯಾರಿಸ್‌ನಲ್ಲಿ, 33ನೇ ವಯಸ್ಸಿನಲ್ಲಿ, ಚಿನ್ನ. ಆ ಫೈನಲ್ ನೋಡುತ್ತಾ ನನ್ನ ಕಣ್ಣು ತುಂಬಿ ಬಂದಿತ್ತು.

ಯಕ್ಷಗಾನದಲ್ಲಿ ಧೀಂಗಿಣ, ಅಂದರೆ ಸುತ್ತುತ್ತಾ ಜಿಗಿಯುವ ಕುಣಿತ, ಹಾಕುವ ಕಲಾವಿದರನ್ನು ನೀವು ನೋಡಿರುತ್ತೀರಿ. ಚೆಂಡೆಯ ಪೆಟ್ಟಿಗೆ ಅವರ ಕಾಲು ತಾನಾಗಿ ಏಳುತ್ತದೆ, ನಡುವೆ ಯೋಚಿಸಲು ನಿಂತರೆ ಲಯ ತಪ್ಪುತ್ತದೆ. ಟ್ರ್ಯಾಂಪೊಲಿನ್‌ನಲ್ಲಿ ಸುಮಾರು 8 ಮೀಟರ್ ಎತ್ತರಕ್ಕೆ ಚಿಮ್ಮುತ್ತಾ, ಹಾಸಿನ ನಡುವಿನಿಂದ ಆಚೀಚೆ ಸರಿಯದೆ, 10 ವರಸೆಗಳನ್ನು ಬಿಡುವಿಲ್ಲದೆ ಮುಗಿಸಬೇಕಾದವರಿಗೆ ಇದು ಇನ್ನಷ್ಟು ನಿಜ. ಮೈಗೆ ರೂಢಿಯಾಗಿದ್ದ ಆ ಓಟ ಎಲ್ಲೋ ಕಡಿದಾಗ, ಗಾಳಿಯಲ್ಲಿ ತಾನು ಎಲ್ಲಿದ್ದೇನೆ ಎಂಬ ಅರಿವೇ ಮಗುವಿಗೆ ತಪ್ಪಿಹೋಗುತ್ತದೆ. ಬೈದರೆ ಅದು ಮರಳುವುದಿಲ್ಲ.

ಇದನ್ನು ನಾನು ಕಲಿತದ್ದು ತಪ್ಪು ಮಾಡಿ. ನನ್ನ ವಿದ್ಯಾರ್ಥಿನಿಯೊಬ್ಬಳು ಮ್ಯಾಟಿನ ಅಂಚಿನಲ್ಲಿ ನಿಂತು, ಎರಡೂ ಕೈಗಳನ್ನು ಮೇಲೆತ್ತಿ, ಮಂಡಿ ಮಡಚಿ, ತುಟಿಯಲ್ಲೇ ‘ಒಂದು, ಎರಡು’ ಎಣಿಸಿ, ಮೂರಕ್ಕೆ ಕೈ ಕೆಳಗಿಳಿಸಿಬಿಡುತ್ತಿದ್ದಳು. ಹತ್ತಾರು ಬಾರಿ ಹಾಗಾದ ಮೇಲೆ ನಾನು ಗದರಿದೆ. ಅವಳು ಹಾರಿದಳು, ಅರ್ಧದಲ್ಲೇ ಮೈ ಬಿಚ್ಚಿ ಕೈಯೂರಿ ಬಿದ್ದು ಮಣಿಕಟ್ಟು ಉಳುಕಿಸಿಕೊಂಡಳು. ಆ ಗದರಿಕೆಗಾಗಿ ಇಂದಿಗೂ ನನಗೆ ಬೇಸರವಿದೆ.

ಆದ್ದರಿಂದ ಕೆಲವು ವಾರ ಆ ಲಾಗವನ್ನು ಪೂರ್ತಿ ಬದಿಗಿಟ್ಟು, ಬರೀ ನೇರ ಜಿಗಿತ, ಹಿಂದಕ್ಕೆ ಉರುಳುವುದು, ಅನಂತರ ಸೊಂಟಕ್ಕೆ ಕೈಯಾನಿಸಿ ನಿಧಾನವಾಗಿ ತಿರುಗಿಸುವುದು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಬರಲು ತರಬೇತುದಾರರನ್ನು ಕೇಳಿಕೊಳ್ಳಿ. ಧೈರ್ಯ ಬರಲೆಂದು ಮಲ್ಪೆ ಕಡಲತೀರದ ಮರಳಿನ ಮೇಲೆ ಒಬ್ಬಳನ್ನೇ ಲಾಗ ಹಾಕಲು ಬಿಡಬೇಡಿ, ಕುತ್ತಿಗೆಗೆ ಅಪಾಯ. ಟಂಬ್ಲಿಂಗ್‌ಗೆ 1932ರ ನಂತರ ಒಲಿಂಪಿಕ್ಸ್‌ನಲ್ಲಿ ಸ್ಥಾನವಿಲ್ಲದ ಕಾರಣ ಅವಳು ಟ್ರ್ಯಾಂಪೊಲಿನ್ ಕಡೆ ನೋಡುತ್ತಿರುವುದು ಸರಿಯೇ, ಆದರೆ ಆ ಬದಲಾವಣೆಗೆ ಈಗ ಅವಸರ ಬೇಡ. ಮತ್ತು ಅಭ್ಯಾಸ ಮುಗಿಸಿ ಮನೆಗೆ ಬಂದ ಕೂಡಲೇ ‘ಇವತ್ತು ಲಾಗ ಬಂತಾ’ ಎಂದು ಸದ್ಯಕ್ಕೆ ಕೇಳಬೇಡಿ.