ಗುಳೇದಗುಡ್ಡದ ಲೇಖಕರಿಗೆ, ಬೆಳಗಾವಿಯಿಂದ

ನಮಸ್ಕಾರ.

ನಮ್ಮ ಪತ್ರಿಕೆಗೆ ಕಳಿಸಿದ ನಿಮ್ಮ ಲೇಖನ ‘ಪಶ್ಚಾತ್ತಾಪ: ಅಸಲಿ ಮತ್ತು ನಕಲಿ’ ತಲುಪಿತು, ಪೂರ್ತಿ ಓದಿದೆ. ಈಗಿರುವ ರೂಪದಲ್ಲಿ ಹಾಕಲು ಬರುವುದಿಲ್ಲ. ಆದರೆ ಮೂರನೇ ಪುಟ ಓದಿದ ಮೇಲೆ ‘ವಿಷಾದಗಳೊಂದಿಗೆ’ ಎಂದು ಎರಡು ಸಾಲು ಗೀಚಿ ಕೈತೊಳೆದುಕೊಳ್ಳಲು ಮನಸ್ಸಾಗಲಿಲ್ಲ.

ಮೊದಲು ತಕರಾರು. ಕ್ರೈಸ್ತರದು ಅಸಲಿ, ಮಾರ್ಮನ್ನರದು (ಅಮೆರಿಕದಲ್ಲಿ ಹುಟ್ಟಿದ ‘ಲ್ಯಾಟರ್-ಡೇ ಸೇಂಟ್ಸ್’ ಸಭೆಯವರದು) ನಕಲಿ ಎಂದು ಶೀರ್ಷಿಕೆಯಲ್ಲೇ ತೀರ್ಪು ಕೊಟ್ಟಿದ್ದೀರಿ. ಇನ್ನು ಓದುಗ ಒಳಗೆ ಬರುವುದು ಯಾತಕ್ಕೆ? ನಿಮ್ಮ ವಾದ ಇಷ್ಟು: ಕ್ರೈಸ್ತ ಮನಸ್ಸಿನಿಂದ ಮರುಗುತ್ತಾನೆ, ದೇವರು ಪುಕ್ಕಟೆ ಕ್ಷಮಿಸುತ್ತಾನೆ. ಮಾರ್ಮನ್ ಮಾತ್ರ ಅರಿಯುವುದು, ಮರುಗುವುದು, ಒಪ್ಪಿಕೊಳ್ಳುವುದು, ಬಿಡುವುದು, ನಷ್ಟ ತುಂಬಿಕೊಡುವುದು ಎಂದು ಒಂದೊಂದೇ ಮೆಟ್ಟಿಲು ಹತ್ತಿ ಕ್ಷಮೆಯನ್ನು ‘ಗಳಿಸುತ್ತಾನೆ’. ಈ ವಾದ ನಮ್ಮ ಕ್ಯಾಂಪಿನ ಫಾತಿಮಾ ಕೆಥೆಡ್ರಲ್ ಬಾಗಿಲಲ್ಲೇ ಮುಗ್ಗರಿಸುತ್ತದೆ. ಮರುಗುವುದು, ಗುರುಗಳ ಮುಂದೆ ಪಾಪ ಹೇಳಿಕೊಳ್ಳುವುದು, ಪರಿಹಾರ ಮಾಡುವುದು ಇವು ಕಥೋಲಿಕರಲ್ಲೂ ಉಂಟು. 1551ರಲ್ಲಿ ಅವರ ಚರ್ಚಿನ ಟ್ರೆಂಟ್ ಮಹಾಸಭೆ ಈ ಮೂರನ್ನೂ ಖಚಿತಪಡಿಸಿತು. ಅವರನ್ನು ಯಾವ ಸಾಲಿನಲ್ಲಿ ಕೂರಿಸುತ್ತೀರಿ? ನೀವು ‘ಕ್ರೈಸ್ತರು’ ಅಂದಲ್ಲೆಲ್ಲ ಕಾಣುವವರು ಪ್ರಾಟೆಸ್ಟೆಂಟರು ಮಾತ್ರ.

ಇನ್ನೊಂದು, ಅರ್ಧ ವಾಕ್ಯ ಎತ್ತಿಕೊಂಡಿದ್ದೀರಿ. ಇದನ್ನು ನಾನು ಸುಲಭಕ್ಕೆ ಬಿಡುವವನಲ್ಲ. ಮಾರ್ಮನ್ ಗ್ರಂಥದಲ್ಲಿ, ‘ಎರಡನೇ ನೀಫೈ’ ಎಂಬ ಭಾಗದ 25ನೇ ಅಧ್ಯಾಯದ 23ನೇ ವಚನದಿಂದ ‘ನಮ್ಮಿಂದ ಆಗುವುದನ್ನೆಲ್ಲ ಮಾಡಿದ ಮೇಲೆ’ ಎಂಬಷ್ಟನ್ನೇ ಕೊಟ್ಟಿದ್ದೀರಿ. ನಾವು ರಕ್ಷಣೆ ಹೊಂದುವುದು ಕೃಪೆಯಿಂದಲೇ ಎಂಬ ಮಾತು ಅದರ ಹಿಂದೆಯೇ ಇದೆ. ಪಶ್ಚಾತ್ತಾಪಪಟ್ಟವನಿಗೆ ಕ್ಷಮೆಯಾಗುತ್ತದೆ, ಕರ್ತನು ಆ ಪಾಪಗಳನ್ನು ಮತ್ತೆ ನೆನೆಯುವುದಿಲ್ಲ ಎಂದು ಅವರ ಇನ್ನೊಂದು ಧರ್ಮಗ್ರಂಥ ‘ಸಿದ್ಧಾಂತ ಮತ್ತು ಒಡಂಬಡಿಕೆಗಳು’ ಇದರ 58ನೇ ಪ್ರಕರಣದಲ್ಲಿದೆ. ತಮಾಷೆಯೆಂದರೆ ನಿಮ್ಮ ವಾದಕ್ಕೆ ನಿಜವಾಗಿ ಬಲ ಕೊಡುವ ಮಾತು ನಿಮ್ಮ ಕಣ್ಣಿಗೇ ಬಿದ್ದಿಲ್ಲ. ಮತ್ತೆ ಪಾಪ ಮಾಡಿದವನಿಗೆ ಹಳೆಯ ಪಾಪಗಳೂ ತಿರುಗಿ ಬರುತ್ತವೆ ಎಂದು ಅದೇ ಪುಸ್ತಕದ 82ನೇ ಪ್ರಕರಣ ಹೇಳುತ್ತದೆ. ಪ್ರಾಟೆಸ್ಟೆಂಟರಲ್ಲಿ ಮಾರ್ಟಿನ್ ಲೂಥರನ ಹಾದಿ ಹಿಡಿದ ಒಬ್ಬ ಲೂಥರನ್ ಬೆಚ್ಚಿಬೀಳಬೇಕಾದ್ದು ಅಲ್ಲಿ.

‘ಬಿಷಪ್ಪರ ಮುಂದೆ ಪಾಪ ಒಪ್ಪಿಕೊಳ್ಳಬೇಕು’ ಎಂದು ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ನಮ್ಮ ಓದುಗರ ಕಣ್ಣಿಗೆ ಕಿರೀಟ, ದಂಡ ಹಿಡಿದವರೇ ಬರುತ್ತಾರೆ. ಮಾರ್ಮನ್ನರಲ್ಲಿ ಬಿಷಪ್ ಅಂದರೆ ಒಂದು ಸಭೆ ನೋಡಿಕೊಳ್ಳುವ, ಸಂಬಳವಿಲ್ಲದ, ಹೊಟ್ಟೆಪಾಡಿಗೆ ಬೇರೆ ಕೆಲಸ ಮಾಡುವ ಮನುಷ್ಯ. ದೊಡ್ಡ ಪಾಪಗಳನ್ನು ಅವರ ಮುಂದೆ ಹೇಳಿಕೊಳ್ಳಬೇಕು. ಅವರು ಕೆಲ ಕಾಲ ಪ್ರಭುಭೋಜನ ತೆಗೆದುಕೊಳ್ಳಬೇಡ ಎನ್ನಬಹುದು. ಆಗ ಭಾನುವಾರ ರೊಟ್ಟಿಯ ತಟ್ಟೆ, ಆಮೇಲೆ ನೀರಿನ ಸಣ್ಣ ಲೋಟಗಳ ತಟ್ಟೆ (ಅವರಲ್ಲಿ ದ್ರಾಕ್ಷಾರಸವಿಲ್ಲ) ಸಾಲಿನಲ್ಲಿ ಕೈಯಿಂದ ಕೈಗೆ ಬಂದಾಗ ಅವನು ತಾನು ಮುಟ್ಟದೆ ಪಕ್ಕದವರಿಗೆ ದಾಟಿಸಬೇಕು. ಪಕ್ಕದಲ್ಲಿ ಹೆಂಡತಿ ಕೂತಿರುತ್ತಾಳೆ. ‘ಯಾಂತ್ರಿಕ’ ಎಂಬ ನಿಮ್ಮ ವಿಶೇಷಣ ಇದರ ಮುಂದೆ ನಿಲ್ಲುತ್ತದೆಯೇ?

ಈಗ ಮೂರನೇ ಪುಟ. ಬಾಸೆಲ್ ಮಿಶನ್ ಕಾಲದ ಚರ್ಚಿನಲ್ಲಿ ಜಕ್ಕಾಯನ (ಮೋಸದಿಂದ ಪಡೆದದ್ದನ್ನು ನಾಲ್ಕರಷ್ಟು ಹಿಂದಿರುಗಿಸುವೆನೆಂದ ಬೈಬಲಿನ ಸುಂಕದವನ) ಪ್ರಸಂಗ ಕೇಳಿದ ನಿಮ್ಮ ಅಜ್ಜ ಮರುದಿನ ರೊಕ್ಕ ಗಂಟು ಕಟ್ಟಿಕೊಂಡು ಬಾದಾಮಿಗೆ ನಡೆಯುತ್ತಾರೆ, ಬೆರಕೆ ನೂಲಿನ ಖಣವನ್ನು ಅಪ್ಪಟ ರೇಷ್ಮೆಯೆಂದು ಕೊಟ್ಟ ಮನೆ ಹುಡುಕಿಕೊಂಡು. ಆ ಬಾಯಿ ‘ನನಗ ನೆನಪ ಇಲ್ಲೋ ಯಪ್ಪಾ’ ಅಂದರೆ ಅಜ್ಜ ‘ನನಗ ಐತಿ’ ಅನ್ನುತ್ತಾರೆ. ಬಹಳ ಚೆನ್ನಾಗಿದೆ. ಆದರೆ ಮುಂದಿನ ಪುಟದಲ್ಲೇ ‘ನಷ್ಟ ತುಂಬಿಕೊಡುವುದು ಮಾರ್ಮನ್ನರ ವ್ಯಾಪಾರಿ ಬುದ್ಧಿ’ ಎಂದು ಬರೆದಿದ್ದೀರಲ್ಲ, ಅಜ್ಜ ಮಾಡಿದ್ದೇನು? ಲೇಖನ ಇರುವುದು ಇಲ್ಲಿ. ಕ್ಷಮೆ ಆಗಲೇ ಸಿಕ್ಕಿತ್ತು, ನಡೆದದ್ದು ಅದರ ಫಲ ಎನ್ನುತ್ತಾನೆ ಲೂಥರನ ಕಡೆಯವನು. ಪಾಪ ಕಳೆದರೂ ಪರಿಹಾರ ಉಳಿದಿತ್ತು ಎನ್ನುತ್ತಾನೆ ಕಥೋಲಿಕ. ಆ ನಡಿಗೆಯೂ ಪಶ್ಚಾತ್ತಾಪವೇ, ಅದಿಲ್ಲದೆ ಮುಗಿಯುತ್ತಿರಲಿಲ್ಲ ಎನ್ನುತ್ತಾನೆ ಮಾರ್ಮನ್. ಹೆಜ್ಜೆಗಳಲ್ಲಿ ವ್ಯತ್ಯಾಸವಿಲ್ಲ, ಹೆಜ್ಜೆಗೆ ಕೊಡುವ ಅರ್ಥದಲ್ಲಿದೆ. ಇದನ್ನು ಹಿಡಿದು ಬರೆಯಿರಿ.

ಇನ್ನೂ ಕೆಳಗೆ ಅಗೆದರೆ ಬೇರು ಸಿಗುತ್ತದೆ. ಅದನ್ನು ನೀವು ಮುಟ್ಟೇ ಇಲ್ಲ. ಮನುಷ್ಯ ತನ್ನ ಪಾಪಕ್ಕೆ ಶಿಕ್ಷೆ ಅನುಭವಿಸುತ್ತಾನೆ, ಆದಾಮನ ಅಪರಾಧಕ್ಕಲ್ಲ ಎಂದು ಮಾರ್ಮನ್ ಸಭೆಯ ಸ್ಥಾಪಕ ಜೋಸೆಫ್ ಸ್ಮಿತ್ 1842ರಲ್ಲಿ ಬರೆದ ನಂಬಿಕೆಯ ಕಲಮುಗಳಲ್ಲಿ ಎರಡನೆಯದು ಹೇಳುತ್ತದೆ. ಅದಕ್ಕೇ ಅವರು ಕೂಸುಗಳಿಗೆ ದೀಕ್ಷಾಸ್ನಾನ ಕೊಡುವುದಿಲ್ಲ, ಎಂಟು ವರ್ಷ ತುಂಬಬೇಕು. ಕೂಸಿಗೆ ಪಶ್ಚಾತ್ತಾಪಪಡಲು ಏನೂ ಇಲ್ಲ. ಲೂಥರನ್ನರೂ ಕಥೋಲಿಕರೂ ತೊಟ್ಟಿಲ ಮಗುವಿಗೇ ಕೊಡುತ್ತಾರೆ, ಆದಾಮನಿಂದ ಹುಟ್ಟಿನಲ್ಲೇ ಬರುವ ಜನ್ಮಪಾಪದ ಮಾತು ಇರುವುದರಿಂದ. ಹಾಗಾಗಿ ಒಬ್ಬ ಮರುಗುವುದು ತಾನು ಮಾಡಿದ್ದಕ್ಕೆ. ಇನ್ನೊಬ್ಬ ಮರುಗುವುದು ತಾನು ಇರುವ ಬಗೆಗೂ. ವಿಶ್ವಾಸಿಯ ಇಡೀ ಬದುಕೇ ಪಶ್ಚಾತ್ತಾಪವಾಗಿರಬೇಕೆಂದು ಲೂಥರ್ 1517ರ ತನ್ನ ತೊಂಬತ್ತೈದು ವಾದಗಳಲ್ಲಿ ಮೊದಲನೆಯದರಲ್ಲೇ ಹೇಳಿದ್ದು ನೆನಪಿರಲಿ. ಅದರ ಎದುರಿಗೆ ಆಗ ಮಾರ್ಮನ್ ಸಭೆಯ ಅಧ್ಯಕ್ಷರಾಗಿದ್ದ ರಸೆಲ್ ನೆಲ್ಸನ್ 2019ರಲ್ಲಿ ದಿನದಿನದ ಪಶ್ಚಾತ್ತಾಪದ ಬಗ್ಗೆ, ಅದನ್ನು ಶಿಕ್ಷೆಯೆಂದು ಬಗೆಯಬೇಡಿ ಎಂದು ಆಡಿದ ಮಾತನ್ನಿಟ್ಟು ನೋಡಿ. ಎಷ್ಟು ಹತ್ತಿರ ಬರುತ್ತವೆ, ಎಲ್ಲಿ ಕವಲೊಡೆಯುತ್ತವೆ ಎಂಬುದನ್ನು ನಿಧಾನವಾಗಿ ಬಿಡಿಸಿ.

ಮಾರ್ಮನ್ನರು ತಮ್ಮನ್ನು ಕ್ರೈಸ್ತರೆಂದೇ ಕರೆದುಕೊಳ್ಳುತ್ತಾರೆ. ಅವರ ದೀಕ್ಷಾಸ್ನಾನ ಸಿಂಧುವಲ್ಲವೆಂದು ವ್ಯಾಟಿಕನ್ 2001ರಲ್ಲಿ ಹೇಳಿತು. ಈ ಜಗಳ ಇದೆ ಎಂದು ಒಂದು ಸಾಲಿನಲ್ಲಿ ತಿಳಿಸಿ, ನೀವು ತೀರ್ಮಾನ ಕೊಡಬೇಡಿ. ಸತ್ತವರಿಗೂ ಪಶ್ಚಾತ್ತಾಪಕ್ಕೆ ಅವಕಾಶವಿದೆ ಎಂಬ ಅವರ ನಂಬಿಕೆಯನ್ನು ಇದರಲ್ಲಿ ತುರುಕಬೇಡಿ, ಅದು ಬೇರೆಯೇ ಲೇಖನ. ಕೊನೆಯ ಪುಟಕ್ಕೆ ಅಂಟಿಸಿದ ಬಸವಣ್ಣನವರ ವಚನ ತೆಗೆಯಿರಿ. ಬಾಗಲಕೋಟೆ ಜಿಲ್ಲೆಯವರು ಬರೆದರೆ ಕೂಡಲಸಂಗಮಕ್ಕೆ ಹೋಗಿಯೇ ಬರಬೇಕೆಂದು ಯಾರೂ ಕಟ್ಟಪ್ಪಣೆ ಮಾಡಿಲ್ಲ. ‘ಪರಮಪವಿತ್ರ’, ‘ಅನಿರ್ವಚನೀಯ’ ಇತ್ಯಾದಿಗಳಿಗೆ ಕೆಂಪು ಗೆರೆ ಎಳೆದಿದ್ದೇನೆ, ಎಣಿಸಲು ಹೋಗಿಲ್ಲ.

ಬೆಂಗಳೂರಿನಲ್ಲಿ ಮಾರ್ಮನ್ನರ ಸಭೆಗಳಿವೆ. ಒಬ್ಬ ಸದಸ್ಯರೊಂದಿಗೆ ಕೂತು ಮಾತಾಡಿ, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯಿರಿ. ಅಜ್ಜ ಎಷ್ಟು ರೊಕ್ಕ ಹಿಂದಿರುಗಿಸಿದರು, ಜಕ್ಕಾಯನಂತೆ ನಾಲ್ಕರಷ್ಟೋ, ತೆಗೆದುಕೊಂಡಷ್ಟೇನೋ? ಮನೆಯ ಹಿರಿಯರನ್ನು ಕೇಳಿ. ಗೊತ್ತಾಗದಿದ್ದರೆ ಗೊತ್ತಿಲ್ಲ ಎಂದೇ ಬರೆಯಿರಿ. ಹನ್ನೆರಡು ಪುಟವನ್ನು ಐದಕ್ಕಿಳಿಸಿ, ಬೇರೆ ಶೀರ್ಷಿಕೆ ಹಾಕಿ ನನ್ನ ಹೆಸರಿಗೇ ಕಳಿಸಿ.