ಕೋಳಿಯಿಂದ ನೀಲಿ, ಹಸಿರು ಮೊಟ್ಟೆ ಬೇಕೆಂದರೆ ಮೇವು ಬದಲಿಸಬೇಕೋ, ತಳಿ ಬದಲಿಸಬೇಕೋ?

ತಳಿಯನ್ನೇ ಬದಲಿಸಬೇಕು. ಮೇವಿನಿಂದ ಬದಲಾಗುವುದು ಒಳಗಿನ ಹಳದಿಯ ಬಣ್ಣ; ಚಿಪ್ಪಿನ ಬಣ್ಣ ವಂಶದಿಂದ ಬರುತ್ತದೆ.

ನೀಲಿ ಮೊಟ್ಟೆಗೆ ಹೆಸರಾದದ್ದು ಚಿಲಿ ದೇಶದ ಮೂಲದ ಅರೌಕಾನಾ ಕೋಳಿ. ಹಿಂದೆಂದೋ ವೈರಸ್ಸಿನ ತುಣುಕೊಂದು ಕೋಳಿಯ ಡಿಎನ್‌ಎಯಲ್ಲಿ ಸೇರಿಕೊಂಡದ್ದೇ ಈ ನೀಲಿಗೆ ಕಾರಣವೆಂದು 2013ರಲ್ಲಿ ವಿಜ್ಞಾನಿಗಳು ಪತ್ತೆ ಮಾಡಿದರು. ಹೆದರಬೇಡಿ, ತಿನ್ನುವವರಿಗೆ ಅದರಿಂದ ತೊಂದರೆಯಿಲ್ಲ. ಈ ನೀಲಿ ಚಿಪ್ಪಿನ ಆಳದವರೆಗೂ ಇಳಿದಿರುತ್ತದೆ. ಒಡೆದು ನೋಡಿದರೆ ಒಳಮೈಯೂ ನೀಲಿಯೇ. ಕಂದು ಹಾಗಲ್ಲ, ಗೋಡೆಗೆ ಬಳಿದ ಸುಣ್ಣದಂತೆ ಹೆಚ್ಚಾಗಿ ಹೊರಮೈಯಲ್ಲೇ ಉಳಿಯುತ್ತದೆ. ನೀಲಿ ಚಿಪ್ಪಿನ ಮೇಲೆ ಕಂದಿನ ಲೇಪ ಬಿದ್ದರೆ ಅದೇ ಹಸಿರು ಮೊಟ್ಟೆ.

ಹಾಗಾಗಿ ಶುದ್ಧ ಅರೌಕಾನಾ ಹುಂಜವನ್ನು ಬಿಳಿ ಮೊಟ್ಟೆಯ ಲೆಗಾರ್ನ್ ಹೇಂಟೆಯೊಂದಿಗೆ ಬಿಟ್ಟರೆ ಅದರ ಹೆಣ್ಣುಮರಿಗಳು ನೀಲಿ ಮೊಟ್ಟೆ ಇಡುತ್ತವೆ. ಗಾಢ ಕಂದು ಮೊಟ್ಟೆಯ, ಫ್ರಾನ್ಸಿನ ಮಾರನ್ಸ್ ಹೇಂಟೆಯಾದರೆ ಆಲಿವ್ ಹಸಿರು. ತೊಡಕು ಮುಂದಿನ ಪೀಳಿಗೆಯಲ್ಲಿದೆ. ಆ ಮಿಶ್ರ ಮರಿಗಳನ್ನು ತಮ್ಮತಮ್ಮಲ್ಲೇ ಕೂಡಿಸಿದರೆ ಸುಮಾರು ನಾಲ್ಕರಲ್ಲಿ ಒಂದಕ್ಕೆ ನೀಲಿಯ ಗುಣ ತಪ್ಪಿಹೋಗುತ್ತದೆ. ಹುಂಜ ಮೊಟ್ಟೆ ಇಡುವುದಿಲ್ಲವಲ್ಲ! ಅದರ ಗುಣವನ್ನು ಕಣ್ಣಾರೆ ಕಾಣಲು ಹೆಣ್ಣುಮರಿಗಳು ಮೊಟ್ಟೆಗೆ ಬರುವವರೆಗೆ, ಐದಾರು ತಿಂಗಳು, ಕಾಯಬೇಕು.

ಇನ್ನೊಂದು ಮಾತು: ಕಡಕ್‌ನಾಥ್ ಕಪ್ಪು ಮೊಟ್ಟೆ ಇಡುತ್ತದೆಂದು ಯಾರಾದರೂ ಮಾರಲು ಬಂದರೆ ಕೊಳ್ಳಬೇಡಿ. ಅದರ ಮಾಂಸ ಕಪ್ಪು ನಿಜ, ಮೊಟ್ಟೆ ತಿಳಿ ಕಂದು ಅಷ್ಟೇ.