ಎಸಿ ಕ್ಲಾಸ್‌ರೂಮಿನ ಗಾಳಿ ಬಗ್ಗೆ ಶಾಲೆಯವರ ಹತ್ತಿರ ಹೇಗೆ ಮಾತಾಡಬೇಕು?

ನಿಮ್ಮ ಪ್ರಶ್ನೆ ನೋಡಿದೆ. ಮಗ 2ನೇ ಕ್ಲಾಸ್, ಬೆಂಗಳೂರಿನಲ್ಲಿ ಹೊಸ ಕಟ್ಟಡದ ಶಾಲೆ, ಎಸಿ ರೂಮು, ಕಿಟಕಿ ತೆಗೆಯುವುದೇ ಇಲ್ಲ, ತಿಂಗಳಿಗೊಮ್ಮೆ ಜ್ವರ ಕೆಮ್ಮು. ಗಾಳಿಯ ಮಾತೆತ್ತಿದರೆ ‘ಕೋವಿಡ್ ಮುಗಿದು ಎಷ್ಟು ಕಾಲ ಆಯ್ತು ಮೇಡಂ’ ಎಂದು ನಗುತ್ತಾರೆ. ಹುಚ್ಚಿ ಅನ್ನಿಸಿಕೊಳ್ಳದೆ ಕೇಳುವುದು ಹೇಗೆ ಎಂದಿದ್ದೀರಿ.

ನೀವು ಕೇಳುತ್ತಿರುವುದು ನ್ಯಾಯವಾಗಿಯೇ ಇದೆ, ಮೊದಲು ಆ ಅಳುಕು ಬಿಡಿ. ನಾನು ಮೈಸೂರಿನವಳು. ನಮ್ಮ ಯಜಮಾನರಿಗೆ ಕಿಡ್ನಿ ಕಸಿ ಆಗಿದೆ. ಹೊಸ ಕಿಡ್ನಿಯನ್ನು ದೇಹ ತಿರಸ್ಕರಿಸಬಾರದು ಅಂತ ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ದಿನಾ ತೆಗೆದುಕೊಳ್ಳಬೇಕು. ಹಾಗಾಗಿ ಮಗಳು ಶಾಲೆಯಿಂದ ತರುವ ಶೀತ ನಮ್ಮ ಮನೆಯಲ್ಲಿ ಬರೀ ಶೀತವಾಗಿ ಮುಗಿಯುವುದಿಲ್ಲ. ಅದಕ್ಕೇ ಅವಳ ಶಾಲೆಯಲ್ಲೂ ನನ್ನ ಆಫೀಸಿನಲ್ಲೂ ಒಳ್ಳೆಯ ಗಾಳಿಗಾಗಿ ಕೇಳುತ್ತಲೇ ಬಂದಿದ್ದೇನೆ. ನನಗೆ ಕೆಲಸಕ್ಕೆ ಬಂದ ದಾರಿ ಇಷ್ಟೇ: ‘ನನ್ನ ಮಗುವಿಗೆ ತೊಂದರೆ’ ಅನ್ನುವುದಕ್ಕಿಂತ ‘ಈ ರೂಮಿಗೆ ಗಾಳಿ ಸಾಲದು’ ಎಂದು ಹೇಳಬೇಕು. ಹೇಳುವಾಗ ಕೈಯಲ್ಲಿ ಒಂದು ಸಂಖ್ಯೆ ಇರಬೇಕು.

ಸಂಖ್ಯೆ ಯಾವುದು ಅಂದರೆ ಕಾರ್ಬನ್ ಡೈಆಕ್ಸೈಡ್. ಹೊರಗಿನ ಗಾಳಿಯಲ್ಲಿ ಇದು ಸುಮಾರು 420 ಪಿಪಿಎಂ ಇರುತ್ತದೆ, ಅಂದರೆ ಹತ್ತು ಲಕ್ಷದಲ್ಲಿ 420 ಪಾಲು. ನಾವು ಹೊರಗೆ ಬಿಡುವ ಉಸಿರಿನಲ್ಲಿ ಸುಮಾರು 40,000. ರೂಮಿನಲ್ಲಿ ಮೀಟರ್ 1,200 ತೋರಿಸಿದರೆ ಹೊರಗಿಗಿಂತ ಸುಮಾರು 800 ಜಾಸ್ತಿ ಇದೆ ಎಂದಾಯಿತು. ಅದು 40,000ದ ನೂರಕ್ಕೆ 2 ಪಾಲು. ಅಂದರೆ ಮಗು ಎಳೆದುಕೊಳ್ಳುವ ಗಾಳಿಯಲ್ಲಿ ಐವತ್ತರಲ್ಲಿ ಒಂದು ಪಾಲು ಆಗಲೇ ಇನ್ನೊಬ್ಬರ ಎದೆಯೊಳಗೆ ಹೋಗಿ ಬಂದದ್ದು. 2,400 ಇದ್ದರೆ ಇಪ್ಪತ್ತರಲ್ಲಿ ಒಂದು ಪಾಲು. ಕಾರ್ಬನ್ ಡೈಆಕ್ಸೈಡೇ ಇಲ್ಲಿ ರೋಗ ತರುವುದಿಲ್ಲ. ಆದರೆ ರೂಮಿನಲ್ಲಿ ಯಾರಿಗಾದರೂ ಫ್ಲೂ ಇದ್ದರೆ ಅವರ ಉಸಿರಿನ ಜೊತೆ ವೈರಸ್ಸೂ ಅಲ್ಲೇ ತೇಲುತ್ತಿರುತ್ತದೆ, ಮತ್ತು ಆ ಉಸಿರು ಹೊರಗೆ ಹೋಗುತ್ತಿದೆಯೋ ಇಲ್ಲವೋ ಅನ್ನುವುದನ್ನು ಈ ಮೀಟರ್ ಹೇಳುತ್ತದೆ. 800ರ ಒಳಗಿದ್ದರೆ ಚೆನ್ನ, 1,000 ದಾಟಿದರೆ ಮಾತಾಡಬೇಕು. ಮುಚ್ಚಿದ ಎಸಿ ರೂಮಿನಲ್ಲಿ ಮೂವತ್ತು ನಲವತ್ತು ಮಕ್ಕಳು ಕೂತರೆ 2,000 ದಾಟುವುದು ಕಷ್ಟವೇನಲ್ಲ.

ಮೀಟರ್ ಕೊಳ್ಳುವಾಗ ‘ಎನ್‌ಡಿಐಆರ್’ ಸೆನ್ಸರ್ ಅಂತ ಬರೆದಿದೆಯಾ ನೋಡಿ. ತೀರಾ ಅಗ್ಗದ ಕೆಲವು ಮೀಟರ್‌ಗಳು ಕಾರ್ಬನ್ ಡೈಆಕ್ಸೈಡನ್ನು ಅಳೆಯುವುದೇ ಇಲ್ಲ. ಬೇರೆ ಅನಿಲಗಳನ್ನು ಅಳೆದು ಅಂದಾಜಿನ ಸಂಖ್ಯೆ ತೋರಿಸುತ್ತವೆ, ಅಗರಬತ್ತಿ ಹಚ್ಚಿದರೂ ಸ್ಯಾನಿಟೈಸರ್ ಸುರಿದರೂ ಏರಿಬಿಡುತ್ತವೆ. ತಂದ ಮೇಲೆ ತಾರಸಿಯಲ್ಲಿಟ್ಟು ನೋಡಿ, 400-450ರ ಆಸುಪಾಸು ಬರಬೇಕು. ಅಪಾರ್ಟ್‌ಮೆಂಟಿನ ನಾಲ್ಕೈದು ಪೋಷಕರು ಸೇರಿ ಒಂದು ಕೊಂಡರೂ ಸಾಕು.

ಇನ್ನು ಎಸಿ ವಿಚಾರ. ಬಹಳ ಜನ ಎಸಿ ಅಂದರೆ ಹೊರಗಿನಿಂದ ತಂಪು ಗಾಳಿ ತರುವ ಯಂತ್ರ ಅಂದುಕೊಂಡಿದ್ದಾರೆ. ಗೋಡೆಗೆ ನೇತುಹಾಕುವ ಸ್ಪ್ಲಿಟ್ ಎಸಿ ಹೊರಗಿನ ಒಂದು ತೊಟ್ಟು ಗಾಳಿಯನ್ನೂ ತರುವುದಿಲ್ಲ, ರೂಮಿನೊಳಗಿನ ಗಾಳಿಯನ್ನೇ ಎಳೆದು ತಂಪು ಮಾಡಿ ಮತ್ತೆ ಅದೇ ಮಕ್ಕಳ ಮೇಲೆ ಬಿಡುತ್ತದೆ. ಸೀಲಿಂಗ್ ಫ್ಯಾನೂ ಹಾಗೇ, ಕಿಟಕಿ ಮುಚ್ಚಿದ್ದರೆ ಇದ್ದ ಗಾಳಿಯನ್ನೇ ಕಲಕುತ್ತದೆ. ಇದನ್ನು ಶಾಲೆಯವರಿಗೆ ಹೇಳುವಾಗ ನಿಮ್ಮ ಮಾತಾಗಿ ಹೇಳಬೇಡಿ. 2021ರ ಮೇನಲ್ಲಿ ಕೇಂದ್ರ ಸರ್ಕಾರದ ಪ್ರಧಾನ ವೈಜ್ಞಾನಿಕ ಸಲಹೆಗಾರರ ಕಚೇರಿ ಒಂದು ಸೂಚನೆ ಹೊರಡಿಸಿತ್ತು. ಸೋಂಕಿನ ಸಣ್ಣ ಕಣಗಳು ಗಾಳಿಯಲ್ಲಿ 10 ಮೀಟರ್‌ವರೆಗೂ ಹೋಗಬಹುದು, ಬಾಗಿಲು ಕಿಟಕಿ ಮುಚ್ಚಿ ಎಸಿ ಹಾಕಿದರೆ ಸೋಂಕಿನ ಗಾಳಿ ಒಳಗೇ ಉಳಿಯುತ್ತದೆ ಅಂತ ಅದರಲ್ಲಿದೆ. ಅದನ್ನು ಪ್ರಿಂಟ್ ತೆಗೆದುಕೊಂಡು ಹೋಗಿ. ಸರ್ಕಾರದ ಕಾಗದಕ್ಕೆ ಪ್ರಿನ್ಸಿಪಾಲರ ಮೇಜಿನ ಮೇಲೆ ಬೇರೆಯೇ ತೂಕ ಇರುತ್ತದೆ.

‘ಕೋವಿಡ್ ಮುಗೀತಲ್ಲ’ ಅನ್ನುವವರಿಗೆ ನಾನು ಕೋವಿಡ್ ಹೆಸರೇ ಎತ್ತುವುದಿಲ್ಲ. ಟಿಬಿ ಹೆಸರು ಎತ್ತುತ್ತೇನೆ. ಪ್ರಪಂಚದ ಟಿಬಿ ರೋಗಿಗಳಲ್ಲಿ ಸುಮಾರು ಕಾಲು ಭಾಗ ನಮ್ಮ ದೇಶದಲ್ಲೇ ಇದ್ದಾರೆ, ಮತ್ತು ಟಿಬಿ ಹರಡುವುದು ಗಾಳಿಯಿಂದಲೇ. ಇದು ಹೊಸ ವಿಚಾರವೂ ಅಲ್ಲ. 1950ರ ದಶಕದಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಟಿಬಿ ವಾರ್ಡಿನ ಗಾಳಿಯನ್ನು ಕೊಳವೆಯಲ್ಲಿ ಮೇಲಿನ ಅಂತಸ್ತಿಗೆ ಒಯ್ದು ಗಿನಿಪಿಗ್‌ಗಳಿದ್ದ ಗೂಡಿಗೆ ಬಿಟ್ಟರು. ಅವು ಯಾವ ರೋಗಿಯನ್ನೂ ಮುಟ್ಟಿರಲಿಲ್ಲ, ಆದರೂ ಟಿಬಿ ಬಂತು. ರೋಗಾಣು ಕೊಲ್ಲುವ ನೇರಳಾತೀತ (ಯುವಿ) ದೀಪದ ಮುಂದೆ ಹಾಯಿಸಿದ ಗಾಳಿ ಕುಡಿದ ಗಿನಿಪಿಗ್‌ಗಳಿಗೆ ಬರಲಿಲ್ಲ. ಮೈಸೂರಿನಲ್ಲಿ ಪಿ.ಕೆ. ಸ್ಯಾನಟೋರಿಯಂ ಇದೆಯಲ್ಲ, ನಾಲ್ವಡಿಯವರ ಸೋದರಿ ಕೃಷ್ಣಾಜಮ್ಮಣ್ಣಿಯವರು ಕ್ಷಯದಿಂದ ತೀರಿಕೊಂಡ ಮೇಲೆ ಅವರ ನೆನಪಿಗೆ ಕಟ್ಟಿಸಿದ್ದು. ಅರಮನೆಯ ಮನೆತನವನ್ನೂ ಬಿಡದ ರೋಗ ಅದು.

ಅಷ್ಟಾಗಿಯೂ 2020ರ ಮಾರ್ಚ್ ಕೊನೆಗೆ ವಿಶ್ವ ಆರೋಗ್ಯ ಸಂಸ್ಥೆಯೇ ಕೋವಿಡ್ ಗಾಳಿಯಿಂದ ಹರಡುವುದಿಲ್ಲ ಎಂದು ಸಾರಿತ್ತು. ಅದೇ ತಿಂಗಳ 10ರಂದು ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್ ಕಣಿವೆಯಲ್ಲಿ ಒಂದು ಹಾಡುಗಾರರ ತಂಡ ಎರಡೂವರೆ ಗಂಟೆ ಅಭ್ಯಾಸ ಮಾಡಿತ್ತು. ಬಂದಿದ್ದವರು 61 ಜನ, ಅವರಲ್ಲಿ ಒಬ್ಬರಿಗೆ ಶೀತ ಇತ್ತು. 53 ಜನ ಕಾಯಿಲೆ ಬಿದ್ದರು, ಇಬ್ಬರು ತೀರಿಕೊಂಡರು. ಜುಲೈನಲ್ಲಿ 239 ವಿಜ್ಞಾನಿಗಳು ಬಹಿರಂಗ ಪತ್ರ ಬರೆದು ಗಾಳಿಯ ಕಡೆ ನೋಡಿ ಎಂದು ಕೇಳಬೇಕಾಯಿತು. ಆ ಕಾಲದಲ್ಲಿ ನಾವೆಲ್ಲ ತರಕಾರಿ ತೊಳೆದೆವು, ಬಾಗಿಲ ಹಿಡಿ ಒರೆಸಿದೆವು, ಕಿಟಕಿ ಮಾತ್ರ ಮುಚ್ಚಿಯೇ ಇತ್ತು. ನನಗೆ ಈಗಲೂ ಇದನ್ನು ನೆನೆದರೆ ಸಂಕಟ ಆಗುತ್ತದೆ.

ಇನ್ನೊಂದು ಮಾತು ಖಂಡಿತ ಬರುತ್ತದೆ, ‘ಕಾಯಿಲೆ ಬಂದರೇನೇ ಮಕ್ಕಳಿಗೆ ಇಮ್ಯೂನಿಟಿ ಬರೋದು’ ಅಂತ. ಜಗಳ ಬೇಡ, ಆದರೆ ಒಪ್ಪಲೂ ಬೇಡಿ. ದಡಾರ ಗಾಳಿಯಿಂದ ಅತಿ ಸುಲಭವಾಗಿ ಹರಡುವ ರೋಗಗಳಲ್ಲೊಂದು, ರೋಗಿ ಎದ್ದು ಹೋದ ಮೇಲೂ ಅದರ ವೈರಸ್ ಎರಡು ಗಂಟೆವರೆಗೆ ರೂಮಿನ ಗಾಳಿಯಲ್ಲಿ ಉಳಿಯಬಲ್ಲದು. ಅದು ಬಂದು ಹೋದ ಮಕ್ಕಳಲ್ಲಿ ಬೇರೆ ರೋಗಗಳ ವಿರುದ್ಧ ಮೊದಲೇ ಇದ್ದ ಪ್ರತಿಕಾಯಗಳಲ್ಲೂ (ಆಂಟಿಬಾಡಿ) ಒಂದು ಪಾಲು ಅಳಿಸಿಹೋಗುತ್ತದೆ ಎಂದು 2019ರಲ್ಲಿ ತೋರಿಸಿಕೊಟ್ಟಿದ್ದಾರೆ. ಇಮ್ಯೂನಿಟಿಗೆ ಲಸಿಕೆ ಇದೆ. ಕೆಟ್ಟ ಗಾಳಿ ಕುಡಿಸಿ ಅದನ್ನು ಬೆಳೆಸಬೇಕಾಗಿಲ್ಲ.

ಈಗ ಏನು ಕೇಳಬೇಕು ಅನ್ನುವುದಕ್ಕೆ ಬರೋಣ. ‘ಗಾಳಿ ಸರಿ ಮಾಡಿ’ ಅಂದರೆ ಯಾರಿಗೂ ಏನೂ ತೋಚುವುದಿಲ್ಲ. ರಿಪೇರಿ ಕೆಲಸದ ಥರ ಕೇಳಿ. ಯಾವ ಕಿಟಕಿಯ ಚಿಲಕ ತುಕ್ಕು ಹಿಡಿದಿದೆ, ಯಾವುದರ ಮುಂದೆ ಬೀರು ಇಟ್ಟಿದ್ದಾರೆ, ವೆಂಟಿಲೇಟರಿಗೆ ಯಾವಾಗ ರಟ್ಟು ಬಡಿದರು, ಇದನ್ನೆಲ್ಲ ನೋಡಿಕೊಳ್ಳಿ. ಬೆಂಗಳೂರಿನಲ್ಲಿ ವರ್ಷದ ಜಾಸ್ತಿ ಪಾಲು ಎಸಿ ಬೇಕಾಗುವ ಸೆಕೆಯೇ ಇರುವುದಿಲ್ಲ, ಅಲ್ವಾ? ಕಿಟಕಿ ಮುಚ್ಚುವುದು ಸೊಳ್ಳೆ, ಧೂಳು, ಟ್ರಾಫಿಕ್ ಗಲಾಟೆಗೆ. ಇವನ್ನು ತಳ್ಳಿಹಾಕಬೇಡಿ, ಡೆಂಗಿ ಭಯ ನಿಜವಾದ ಭಯ. ಸೊಳ್ಳೆ ಮೆಶ್ ಹಾಕಿಸಿ ಎಂದು ಕೇಳಿ, ಮತ್ತು ಅದನ್ನು ಆಗಾಗ ಒರೆಸಬೇಕು ಅನ್ನುವುದನ್ನೂ ಸೇರಿಸಿ, ಧೂಳು ತುಂಬಿದ ಮೆಶ್ ಇದ್ದೂ ಮುಚ್ಚಿದ ಕಿಟಕಿಯ ಲೆಕ್ಕವೇ. ಎದುರುಬದುರು ಎರಡು ಕಡೆ ತೆರೆದಿದ್ದರೆ ಗಾಳಿ ಹಾಯುತ್ತದೆ, ಒಂದೇ ಕಡೆ ಕಿಟಕಿ ಇದ್ದರೆ ಕಾರಿಡಾರಿನ ಬಾಗಿಲು ತೆರೆದಿಡಲಿ, ಎತ್ತರದಲ್ಲಿ ಒಂದು ಎಕ್ಸಾಸ್ಟ್ ಫ್ಯಾನ್ ಹಾಕಲಿ. ಎಸಿ ಬೇಕೇ ಬೇಕು ಅಂದರೆ ಕಿಟಕಿ ಸ್ವಲ್ಪ ಸಂದು ಬಿಟ್ಟಿರಲಿ. ಪಿರಿಯಡ್ ಬದಲಾಗುವಾಗ, ಊಟದ ಬೆಲ್ ಆದಾಗ ಪೂರ್ತಿ ತೆರೆಯಲಿ.

ನಮ್ಮ ಹಳೇ ಸರ್ಕಾರಿ ಶಾಲೆಗಳನ್ನು ನೆನಪಿಸಿಕೊಳ್ಳಿ. ಎತ್ತರದ ಹಂಚಿನ ಮಾಡು, ಎರಡೂ ಗೋಡೆಗೆ ಕಿಟಕಿ. ಪೆರು ದೇಶದ ಲಿಮಾದಲ್ಲಿ ಆಸ್ಪತ್ರೆಗಳ ಗಾಳಿ ಅಳೆದು 2007ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ಬಾಗಿಲು ಕಿಟಕಿ ಎಲ್ಲ ತೆರೆದಾಗ ಗಂಟೆಗೆ ಸುಮಾರು 28 ಸಲ ರೂಮಿನ ಗಾಳಿ ಬದಲಾಗುತ್ತಿತ್ತು, ಯಂತ್ರದಿಂದ ಗಾಳಿ ಹಾಯಿಸುವ ರೂಮುಗಳಲ್ಲಿ ಲೆಕ್ಕಕ್ಕೆ ಹಿಡಿದದ್ದು 12. ಎತ್ತರದ ಸೂರು, ದೊಡ್ಡ ಕಿಟಕಿ ಇದ್ದ ಐವತ್ತು ವರ್ಷಕ್ಕಿಂತ ಹಳೆಯ ಕಟ್ಟಡಗಳು ಎಲ್ಲಕ್ಕಿಂತ ಮುಂದಿದ್ದವು. ನಿಮ್ಮ ಶಾಲೆಯ ಬ್ರೋಶರಿನಲ್ಲಿ ಎಸಿ ರೂಮು ಅಂತ ಹೆಮ್ಮೆಯಿಂದ ಬರೆದಿರುತ್ತಾರೆ. ನನ್ನ ಮಟ್ಟಿಗೆ ಹಂಚಿನ ಮಾಡಿನ ಶಾಲೆಯೇ ಮೇಲು.

ಕಿಟಕಿ ಮುಖ್ಯರಸ್ತೆಗೇ ತೆರೆದುಕೊಳ್ಳುತ್ತದೆ, ಹೊಗೆ ಒಳಗೆ ಬರುತ್ತದೆ ಅನ್ನುವ ಕಡೆ ಹೆಪಾ ಫಿಲ್ಟರ್ ಇರುವ ಏರ್ ಪ್ಯೂರಿಫೈಯರ್ ಬೇಕು. ಅದು ಹೊಗೆಯ ಕಣವನ್ನೂ ವೈರಸ್ ಇರುವ ಕಣವನ್ನೂ ಹಿಡಿಯುತ್ತದೆ. ಅಂಗಡಿಯವರು ಹೇಳುವ ಚದರಡಿ ಲೆಕ್ಕ ನಂಬಬೇಡಿ, ‘ಸಿಎಡಿಆರ್’ ಎಷ್ಟು ಅಂತ ಕೇಳಿ, ಅಂದರೆ ಮೆಷಿನ್ ಗಂಟೆಗೆ ಎಷ್ಟು ಶುದ್ಧ ಗಾಳಿ ಕೊಡುತ್ತದೆ ಅನ್ನುವ ಲೆಕ್ಕ. 20 ಅಡಿ ಉದ್ದ, 20 ಅಡಿ ಅಗಲ, 10 ಅಡಿ ಎತ್ತರದ ರೂಮು ಅಂದರೆ 4,000 ಘನ ಅಡಿ, ಸುಮಾರು 113 ಘನ ಮೀಟರ್. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2023ರಿಂದ ಗಂಟೆಗೆ ಕನಿಷ್ಠ 5 ಸಲ ಗಾಳಿ ಶುದ್ಧವಾಗಬೇಕು ಎನ್ನುತ್ತಿದೆ. ಐದರಿಂದ ಗುಣಿಸಿದರೆ 565. ಅಂದರೆ ಗಂಟೆಗೆ 300 ಘನ ಮೀಟರ್ ಶುದ್ಧ ಗಾಳಿ ಕೊಡುವ ಎರಡು ಮೆಷಿನ್. ಆದರೆ ಆ 300 ಸಿಗುವುದು ಫುಲ್ ಸ್ಪೀಡಿನಲ್ಲಿ, ಆ ಸದ್ದಿಗೆ ಟೀಚರ್ ಪಾಠ ಮಾಡಲಾರದೆ ತಗ್ಗಿಸಿಬಿಡುತ್ತಾರೆ. ಮೂರು ಇಟ್ಟು ಮಧ್ಯದ ಸ್ಪೀಡಿನಲ್ಲಿ ಓಡಿಸುವುದು ಒಳ್ಳೆಯದು. ಪ್ಯೂರಿಫೈಯರ್ ಕಾರ್ಬನ್ ಡೈಆಕ್ಸೈಡನ್ನು ತೆಗೆಯುವುದಿಲ್ಲ ಅನ್ನುವುದು ನೆನಪಿರಲಿ. ‘ಮೆಷಿನ್ ಹಾಕಿದೆವು, ಮೀಟರ್ ಇಳಿಯಲೇ ಇಲ್ಲ’ ಎಂದು ನಾಳೆ ಯಾರೋ ಹೇಳುತ್ತಾರೆ, ಮೊದಲೇ ತಿಳಿಸಿಬಿಡಿ. ಓಝೋನ್ ಬಿಡುವ ಯಂತ್ರ, ಅಯಾನೈಸರ್, ರೂಮಿಗೆ ಹೊಗೆ ಹೊಡೆಯುವ ಸ್ಯಾನಿಟೈಸರ್, ಇವನ್ನು ಮಾರಲು ಬಂದವರನ್ನು ದೂರ ಇಡಲು ಹೇಳಿ. ಓಝೋನ್ ಮಕ್ಕಳ ಶ್ವಾಸಕೋಶಕ್ಕೇ ಕೆಟ್ಟದ್ದು.

ಯಾರ ಹತ್ತಿರ ಮೊದಲು ಮಾತಾಡಬೇಕು? ಕ್ಲಾಸ್ ಟೀಚರ್ ಹತ್ತಿರ. ಆ ರೂಮಿನಲ್ಲಿ ಅತಿ ಹೆಚ್ಚು ಹೊತ್ತು ಇರುವುದು, ಗಂಟಲು ಕಟ್ಟಿಸಿಕೊಂಡು ರಜೆ ಸಿಗದೆ ಪಾಠ ಮಾಡುವುದು ಅವರೇ. ನಮ್ಮಲ್ಲಿ ಮಗಳ ಟೀಚರ್ ಮೀಟರನ್ನು ಮೇಜಿನ ಮೇಲಿಟ್ಟುಕೊಳ್ಳಲು ಒಪ್ಪಿದ ಮೇಲೆ ನಾನು ಮಾತಾಡುವುದೇ ಬೇಕಾಗಲಿಲ್ಲ. ಬೆಳಿಗ್ಗೆ ಹೊರಗಿನಷ್ಟೇ ಇದ್ದ ಸಂಖ್ಯೆ ಊಟದ ಹೊತ್ತಿಗೆ 2,000 ದಾಟಿದ್ದನ್ನು ಅವರೇ ಹೋಗಿ ಪ್ರಿನ್ಸಿಪಾಲರಿಗೆ ತೋರಿಸಿದರು. ಆಮೇಲೆ ಮಕ್ಕಳೇ ಮೀಟರ್ ನೋಡಿ ಕಿಟಕಿ ತೆಗೆಯಲು ಶುರು ಮಾಡಿದರು. ಒಬ್ಬರೇ ಹೋಗಬೇಡಿ. ಆಸ್ತಮಾ ಇರುವ ಮಕ್ಕಳ ಪೋಷಕರು, ಮನೆಯಲ್ಲಿ ಕ್ಯಾನ್ಸರ್ ಚಿಕಿತ್ಸೆ ಪಡೆಯುವವರು ಅಥವಾ ವಯಸ್ಸಾದ ಅಜ್ಜ ಅಜ್ಜಿ ಇರುವವರು ನಿಮ್ಮ ಕ್ಲಾಸಿನಲ್ಲೇ ಇರುತ್ತಾರೆ, ಸಂಕೋಚಕ್ಕೆ ಬಾಯಿ ಬಿಟ್ಟಿರುವುದಿಲ್ಲ. ಒಂದೇ ರೂಮಿನಲ್ಲಿ ಒಂದು ಟರ್ಮ್ ಮಾಡಿ ನೋಡೋಣ ಅಂದರೆ ಇಲ್ಲ ಎನ್ನುವುದು ಶಾಲೆಗೂ ಕಷ್ಟ. ಸರ್ಕಾರಿ ಶಾಲೆಯಾದರೆ ಪೋಷಕರೂ ಇರುವ ಶಾಲಾ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಎತ್ತಬಹುದು.

ಇದರ ಜೊತೆಗೇ ಇನ್ನೊಂದು ಕೇಳಿ, ಇದಕ್ಕೆ ದುಡ್ಡೂ ಬೇಡ: ನೂರಕ್ಕೆ ನೂರು ಹಾಜರಾತಿಗೆ ಬಹುಮಾನ ಕೊಡುವುದನ್ನು ನಿಲ್ಲಿಸಲಿ. ಆ ಸರ್ಟಿಫಿಕೇಟಿಗಾಗಿ ಮಕ್ಕಳಿಗೆ ಜ್ವರದ ಸಿರಪ್ ಕುಡಿಸಿ ವ್ಯಾನು ಹತ್ತಿಸುತ್ತಾರೆ.

ಗಾಳಿ ಸರಿ ಹೋದರೆ ಕಾಯಿಲೆಯೇ ಬರುವುದಿಲ್ಲ ಎಂದು ಮಾತ್ರ ಯಾರಿಗೂ ಮಾತು ಕೊಡಬೇಡಿ. ಸ್ಕೂಲ್ ವ್ಯಾನಿದೆ, ಟ್ಯೂಷನ್ ಇದೆ, ಮದುವೆ ಛತ್ರ ಇದೆ. ಕಡಿಮೆ ಆಗುತ್ತದೆ, ಅಷ್ಟೇ, ಆ ಕಡಿಮೆಯೇ ನಮ್ಮಂಥ ಮನೆಗೆ ದೊಡ್ಡದು. ಮನೆಯಲ್ಲಿ ಯಾರಿಗಾದರೂ ಶುರುವಾದರೆ ನಾವು ಎನ್95 ಹಾಕುತ್ತೇವೆ, ಕಿವಿಗೆ ಸಿಕ್ಕಿಸುವುದಲ್ಲ, ತಲೆಯ ಹಿಂದೆ ಎರಡು ಪಟ್ಟಿ ಬರುವುದು, ಅದು ಮುಖಕ್ಕೆ ಸರಿಯಾಗಿ ಕೂರುತ್ತದೆ. ಮತ್ತೆ, ನಿಮ್ಮ ಮಗನಿಗೆ ತಿಂಗಳು ತಿಂಗಳೂ ಜ್ವರ ಕೆಮ್ಮು ಅಂದರೆ ಶಾಲೆಯ ಜೊತೆ ಮಾತಾಡುತ್ತಲೇ ಮಕ್ಕಳ ಡಾಕ್ಟರಿಗೂ ತೋರಿಸಿ. ಆಸ್ತಮಾ ಇದ್ದರೆ ಬೇಗ ಗೊತ್ತಾಗಲಿ. ಅವರು ಒಂದು ಚೀಟಿ ಬರೆದುಕೊಟ್ಟರೆ ಶಾಲೆಗೆ ಕೊಡಲೂ ಆಗುತ್ತದೆ.

ರೂಮಿನ ಉದ್ದ ಅಗಲ ಎತ್ತರ, ಕಿಟಕಿ ಎಷ್ಟು, ಯಾವ ಕಡೆ, ಮಕ್ಕಳು ಎಷ್ಟು ಅನ್ನುವುದನ್ನು ಕೆಳಗೆ ಬರೆಯಿರಿ. ಎಷ್ಟು ಮೆಷಿನ್ ಬೇಕಾಗಬಹುದು ಅಂತ ಲೆಕ್ಕ ಹಾಕಿಕೊಡುತ್ತೇನೆ. ಪ್ರಿನ್ಸಿಪಾಲರಿಗೆ ಕೊಡುವ ಪತ್ರ ಕನ್ನಡದಲ್ಲಿ ಬೇಕಿದ್ದರೂ ಹೇಳಿ, ಬರೆದುಕೊಡೋಣ.